ವಿಭೂತಿ ಹಚ್ಚಿದ ವಿಮಾನ

ನಮ್ಮ ಮನೆಯಲ್ಲಿ ಬಿಗಿ ಕೈ ಅಂದರೆ ಬೈಗುಳ. ಹೋಳಿಗೆಯ ಮೇಲೆ ತುಪ್ಪ ಹಾಕಿದರೆ ಅದು ತಾಟಿನ ಅಂಚಿಗೆ ಹರಿಯಬೇಕು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ನಡುವೆ ಮಾಡಿದ ಕುಣಿ ಎಣ್ಣೆಯಿಂದ ತುಂಬಿ ಹೊರಗೆ ಚೆಲ್ಲಬೇಕು. ಉಣ್ಣಲು ಕೂತವರು "ಸಾಕ್ರಿ, ಸಾಕ್ರಿ" ಎಂದು ಎರಡೂ ಕೈ ಅಡ್ಡ ಹಿಡಿದ ಮೇಲೂ ಒಂದು ಸೌಟು ಬೀಳಬೇಕು. ಇಂಥ ಮನೆಯಲ್ಲಿ ಬೆಳೆದ ನನಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಆಟದ ವಿಮಾನ ಕೈ ಬಿಗಿ ಹಿಡಿಯುವುದನ್ನು ಕಲಿಸಿತು. ಕಲಿಯುವ ಮೊದಲು ನಾನು ಅದನ್ನು ಕೆಡವಿದೆ. ಕೆಡವಿದ್ದು ದೊಡ್ಡ ಮಾತಲ್ಲ, ಕೆಡವಿದ ತಪ್ಪನ್ನು ಎಂಟು ದಿನ ಅಣ್ಣನ ತಲೆಗೆ ಕಟ್ಟಿ ಸುಮ್ಮನೆ ಕೂತೆ. ಅದನ್ನು ಬಿಟ್ಟು ಬರೀ ಕೃತಜ್ಞತೆಯನ್ನು ಬರೆದರೆ ಅರ್ಧ ಸುಳ್ಳು ಬರೆದಂತೆ.

ನಾನಿರುವುದು ಆಳಂದದಲ್ಲಿ. ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಬೆಳಿಗ್ಗೆ ಮೂವರು ಹೆಣ್ಣುಮಕ್ಕಳು ಬರುತ್ತಾರೆ, ನಾಲ್ಕು ಒಲೆ ಹೊತ್ತುತ್ತವೆ, ಮಧ್ಯಾಹ್ನದ ಹೊತ್ತಿಗೆ ರೊಟ್ಟಿಯ ಗುಡ್ಡೆ ಎದ್ದಿರುತ್ತದೆ. ಇಪ್ಪತ್ತಾರು ವರ್ಷಗಳ ಹಿಂದೆ ಗಂಡನ ಮನೆ ಬಿಟ್ಟು ಒಂದು ಟ್ರಂಕು ಹಿಡಿದುಕೊಂಡು ತವರಿಗೆ ಬಂದಾಗ ಅಣ್ಣ ಯಾಕೆ ಬಂದೆ ಎಂದು ಕೇಳಲಿಲ್ಲ. ಹಿತ್ತಲ ಕಡೆಯ ಎರಡು ಖೋಲಿಗಳಿಗೆ ಬೇರೆ ಬಾಗಿಲು ಕೂರಿಸಿ, ಕೀಲಿ ತಂದು ನನ್ನ ಕೈಯಲ್ಲಿಟ್ಟ. "ಇದು ನಿನ್ನ ಮನಿ ಬೇ. ಬಾಗ್ಲಾ ತೆಗಿಯೋದು, ಹಾಕೋದು ನಿನ್ನ ಖುಷಿ" ಎಂದ. ಅಷ್ಟೇ. ಅದಕ್ಕಾಗಿ ನಾನು ಅವನಿಗೆ ಎಂದೂ ಒಂದು ಒಳ್ಳೆಯ ಮಾತು ಆಡಿಲ್ಲ. ನಮ್ಮಲ್ಲಿ ಅಣ್ಣನಿಗೆ ಹಾಗೆಲ್ಲ ಉಪಕಾರ ಹೇಳಿದರೆ, ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ.

ಅಣ್ಣನದು ರೇಡಿಯೋ, ಟಿವಿ ರಿಪೇರಿ ಅಂಗಡಿ. ವಾರವಿಡೀ ಕೆಟ್ಟ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟುತ್ತಿದ್ದ. ರವಿವಾರ ಬಂತೆಂದರೆ ವಿಮಾನ. ಬಾಲ್ಸಾ ಎನ್ನುವ ಹತ್ತಿಯಷ್ಟು ಹಗುರಾದ ಕಟ್ಟಿಗೆಯನ್ನು ಕೊರಿಯರ್‌ನಲ್ಲಿ ತರಿಸಿ, ಬ್ಲೇಡಿನಲ್ಲಿ ಕೊಯ್ದು, ಮೀನಿನ ಮುಳ್ಳಿನಂಥ ಚೌಕಟ್ಟು ಅಂಟಿಸುತ್ತಿದ್ದ. ಅದರ ಮೇಲೆ ತೆಳು ರೇಷ್ಮೆ ಬಟ್ಟೆ, ಬಟ್ಟೆಯ ಮೇಲೆ ಬಣ್ಣ. ಮೂಗಿನಲ್ಲಿ ಒಂದು ಸಣ್ಣ ಮೋಟಾರು, ಕೈಯಲ್ಲಿ ರಿಮೋಟ್. ಅವನೂ ಅಫಜಲಪುರದ ಅವನ ಗೆಳೆಯ ಪೇಂಟರ್ ಭಾಯಿಯೂ ನರೋಣಾ ರಸ್ತೆಯ ಹೊಲಗಳಲ್ಲಿ ಕತ್ತು ಮೇಲೆತ್ತಿ ನಿಂತಿರುತ್ತಿದ್ದರು. ನಾನಂತೂ ಅದನ್ನು ಹುಚ್ಚು ಎಂದೇ ಕರೆಯುತ್ತಿದ್ದೆ. ಬಟ್ಟೆ ಸುತ್ತುವ ಮೊದಲು ಪ್ರತಿಯೊಂದು ತುಂಡನ್ನೂ ತೂಗಿ, ಎಷ್ಟು ಗ್ರಾಂ ಎಂದು ಆ ಕಟ್ಟಿಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ಅದನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತಿತ್ತು. "ಬಂಗಾರ ತೂಗಾಕತ್ತಿಯೇನೋ?" ಎಂದು ಕೆಣಕಿದರೆ, "ಬಣ್ಣಾನ ವಿಮಾನದ ವೈರಿ ಬೇ. ಚಂದ ಕಾಣ್ತದ, ಕೆಳಗ ಜಗ್ತದ" ಎನ್ನುತ್ತಿದ್ದ.

ಎರಡು ವರ್ಷಗಳ ಹಿಂದೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಕಾಲು ಸ್ವಲ್ಪ ತಿರುಗಿ ಬಂತು, ಗೋಡೆ ಹಿಡಿದು ನಡೆಯುತ್ತಾನೆ. ಮಾತು ಬಂದದ್ದು ನಾಲ್ಕೈದು ಮಾತ್ರ: ಹೂಂ, ಬ್ಯಾಡ, ಹಗುರ, ಇನ್ನೊಂದು ಸಲ ಎನ್ನಲು ಮತ್ತ, ಜೊತೆಗೆ ನನ್ನ ಪಾಲಿಗೆ ಹುಚ್ಚಿ. ಬಲಗೈ ಬರಲೇ ಇಲ್ಲ. ಅಂಗಡಿಗೆ ಕೀಲಿ ಬಿತ್ತು. ಅವನ ಮಂಚದ ಎದುರು ಗೋಡೆಗೆ ಅರ್ಧ ಮುಗಿದ ವಿಮಾನದ ಚೌಕಟ್ಟು ತೂಗುತ್ತಿತ್ತು, ನಾಲ್ಕು ಅಡಿ ರೆಕ್ಕೆಯದು, ಬಟ್ಟೆ ಇಲ್ಲದ ಬರೀ ಎಲುಬು. ಅವನು ದಿನವೆಲ್ಲ ಅದನ್ನೇ ನೋಡುತ್ತಿದ್ದ.

ಒಂದು ದಿನ ನಾನು ಹಾಲು ಕೊಡಲು ಹೋದಾಗ ಎಡಗೈ ಎತ್ತಿ ಆ ಚೌಕಟ್ಟು ತೋರಿಸಿದ. ಆಮೇಲೆ ಅದೇ ಬೆರಳಿನಿಂದ ನನ್ನನ್ನು ತೋರಿಸಿದ. ನಾನು ಹಿಂದೆ ಮುಂದೆ ನೋಡಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಹಿಂದಿನಿಂದ ಅಂದರು, "ನಿನಗ ಹೇಳಾಕತ್ತಾನ ನೋಡ. ನೀ ಮುಗಸಬೇಕಂತ."

"ನನಗೇನ್ ಬರ್ತದ್ರಿ ವೈನಿ? ನಾ ರೊಟ್ಟಿ ಬಡಿಯಾಕಿ."

"ಹೂಂ" ಎಂದ ಅಣ್ಣ. ಅದಕ್ಕೇ ಅನ್ನುವ ಹಾಗೆ.

ಇಪ್ಪತ್ತಾರು ವರ್ಷಗಳಲ್ಲಿ ಅವನು ನನ್ನಿಂದ ಏನೂ ಕೇಳಿರಲಿಲ್ಲ. ಇಲ್ಲ ಎನ್ನುವ ಬಾಯಿ ನನಗೆ ಎಲ್ಲಿಂದ ಬರಬೇಕು?

ಕೆಲಸ ಶುರುವಾಯಿತು. ಅವನ ಟ್ರಂಕಿನಲ್ಲಿ ರೇಷ್ಮೆ ಬಟ್ಟೆಯೂ ಒಂದು ಡಬ್ಬಿಯೂ ಇದ್ದವು. ಡಬ್ಬಿಯಲ್ಲಿದ್ದುದು ಡೋಪು, ತಿಳಿ ಬೆಲ್ಲದ ಪಾಕದಂಥ, ಹಣ್ಣಾದ ಬಾಳೆಯ ವಾಸನೆಯ ದ್ರಾವಣ. ಕಿಟಕಿ, ಬಾಗಿಲು ತೆಗೆದಿಟ್ಟು, ಒಲೆ ಆರಿಸಿ ಆ ಕೆಲಸ ಮಾಡಬೇಕು, ಬೆಂಕಿಗೆ ಅದು ಬಹಳ ಬೇಗ ಸಿಗುತ್ತದೆ. ಬಟ್ಟೆಯನ್ನು ಚೌಕಟ್ಟಿಗೆ ಅಂಟಿಸಿ ಇದನ್ನು ಹಚ್ಚಿದರೆ ಆರುತ್ತ ಆರುತ್ತ ಬಟ್ಟೆ ಬಿಗಿಯುತ್ತದೆ. ಸಂಜೆ ಜೋತುಬಿದ್ದಿದ್ದ ರೆಕ್ಕೆ ಮರುದಿನ ಬೆರಳಿಂದ ಹೊಡೆದರೆ ಹಲಗೆ ವಾದ್ಯದ ಹಾಗೆ ನುಡಿಯಿತು. ನನಗೆ ಚಿಕ್ಕವಳಾದಷ್ಟು ಖುಷಿ. ಹಲಗೆ ಬಾರಿಸುತ್ತ ಮನೆಯೆಲ್ಲ ಓಡಾಡಿದೆ. ಅಣ್ಣ "ಹಗುರ, ಹಗುರ" ಎನ್ನುತ್ತಿದ್ದ. ಜೋಪಾನ ಎನ್ನುತ್ತಿದ್ದಾನೆ ಎಂದುಕೊಂಡೆ. ಅವನು ತೂಕದ ಮಾತು ಆಡುತ್ತಿದ್ದ.

ಬಿಗಿದ ಬಟ್ಟೆಯಲ್ಲಿ ಇನ್ನೂ ನೇಯ್ಗೆಯ ಸಣ್ಣ ಸಣ್ಣ ತೂತು ಉಳಿದಿರುತ್ತವೆ. ಅವನ್ನು ಮುಚ್ಚಲು ಡೋಪಿನಲ್ಲಿ ಮುಖಕ್ಕೆ ಹಚ್ಚುವ ಪೌಡರು ಚೂರು ಕಲಸಿ ತೆಳ್ಳಗೆ ಸವರಿ, ಆರಿದ ಮೇಲೆ ನುಣುಪು ಕಾಗದದಿಂದ ಉಜ್ಜಿ ಅದರಲ್ಲಿ ಹೆಚ್ಚಿನದನ್ನು ತೆಗೆದುಬಿಡಬೇಕು. ತೂತಿನಲ್ಲಿ ಕೂತದ್ದಷ್ಟೇ ಉಳಿಯಬೇಕು. ಇದನ್ನು ಅಣ್ಣ ಪೌಡರಿನ ಡಬ್ಬಿ, ಚಮಚ, ಕಾಗದ ಒಂದೊಂದಾಗಿ ತೋರಿಸಿ ತಿಳಿಸಿದ. ರೆಕ್ಕೆಗೆ ಹಾಗೆಯೇ ಮಾಡಿದೆ. ಬಾಲ ಉಳಿಯಿತು.

ಬಾಲಕ್ಕೆ ಹಚ್ಚುವ ದಿನ ಅಣ್ಣ, ವೈನಿ ಇಬ್ಬರೂ ಕಲಬುರಗಿಗೆ ದವಾಖಾನೆಗೆ ಹೋಗಿದ್ದರು. ಡಬ್ಬಿ ಅಲ್ಲಾಡಿಸಿದರೆ ಪೌಡರು ಇಲ್ಲ. ಕಿರಾಣಿ ಅಂಗಡಿ ನಾಲ್ಕು ಹೆಜ್ಜೆ ಆಚೆಗಿದೆ. ಆದರೆ ಬಟ್ಟಲಿಗೆ ಸುರಿದ ಡೋಪು ಆರಿಹೋಗುತ್ತದೆ ಎಂಬ ಅವಸರ ನನಗೆ. ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿ ಕಂಡಿತು. ಬೆಳ್ಳಗಿದೆ, ನುಣ್ಣಗಿದೆ, ಮೇಲಾಗಿ ಒಳ್ಳೆಯದು. ಲಕ್ವಾ ಹೊಡೆದವನ ವಿಮಾನಕ್ಕೆ ಪೌಡರಿಗಿಂತ ಇದೇ ಸರಿ ಎನ್ನಿಸಿತು. ಕೈ ಮುಗಿದು, ಎರಡು ಗಟ್ಟಿ ಕುಟ್ಟಿ, ಅರಿವೆಯಲ್ಲಿ ಸೋಸಿ ಕಲಸಿದೆ. ಹಚ್ಚಿದೆ. ನೇಯ್ಗೆ ಕಂಡಿತು, ಇನ್ನೊಂದು ಸಲ ಹಚ್ಚಿದೆ. ದೇವರ ವಸ್ತುವನ್ನು ಉಜ್ಜಿ ಕೆಳಗೆ ಉದುರಿಸಲು ಮನಸ್ಸು ಬರಲಿಲ್ಲ, ಹಾಗಾಗಿ ಉಜ್ಜಲಿಲ್ಲ. ಅದರ ಮೇಲೆ ಹಾರ್ಡ್‌ವೇರ್ ಅಂಗಡಿಯ ಕೆಂಪು ಬಣ್ಣವನ್ನು ನಮ್ಮ ಮನೆಯ ರೂಢಿಯಂತೆ ಕೈತುಂಬ ಬಳಿದೆ. ಸಂಜೆ ಅದು ಹೊಸ ಟ್ರ್ಯಾಕ್ಟರಿನ ಹಾಗೆ ಹೊಳೆಯಿತು. ಬಾಲ ಅಂದರೆ ಹೀಗಿರಬೇಕು ಎಂದುಕೊಂಡು ಮಲಗಿದೆ.

ಎಲ್ಲ ಜೋಡಿಸಿದ ಮೇಲೆ ಒಂದು ಪರೀಕ್ಷೆ ಉಂಟು. ರೆಕ್ಕೆಯ ಕೆಳಗೆ ಗುರುತು ಮಾಡಿದ ಕಡೆ ಎರಡೂ ಕೈಯ ಒಂದೊಂದು ಬೆರಳಿಟ್ಟು ವಿಮಾನ ಎತ್ತಬೇಕು. ಅದು ತಕ್ಕಡಿಯ ಹಾಗೆ ಸಮನಾಗಿ ನಿಲ್ಲಬೇಕು. ಇದಕ್ಕೆ ಎರಡು ಕೈ ಬೇಕು, ಹಾಗಾಗಿ ನಾನೇ ಎತ್ತಿದೆ, ಅಣ್ಣನಿಗೆ ಬೆನ್ನು ಮಾಡಿ ನಿಂತು. ಬಾಲ ಇಳಿಯಿತು. ಚೂರು ಅಂತ ನನಗೆ ನಾನೇ ಹೇಳಿಕೊಂಡೆ, ಅದೇನು ಚೂರಲ್ಲ.

"ಹೂಂ?" ಎಂದ ಅಣ್ಣ.

"ಸರಿ ಅದ" ಎಂದೆ.

ತಿಂಗಳುಗಟ್ಟಲೆ ಮಾಡಿದ ಕೆಲಸ, ಅಷ್ಟು ಚಂದದ ಬಾಲ. ತಪ್ಪಾಗಿದೆ ಎನ್ನುವುದು ನನ್ನ ನಾಲಿಗೆಗೆ ಮೊದಲಿಂದಲೂ ಒಗ್ಗದ ಮಾತು. ರೊಟ್ಟಿ ಸೀದರೂ ಒಲೆಯನ್ನೇ ಬೈಯುವವಳು ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹಾರಿಸುವುದು ಯಾರು ಎನ್ನುವ ಪ್ರಶ್ನೆಗೆ ಅಣ್ಣ ಮೊದಲೇ ದಾರಿ ಹುಡುಕಿದ್ದ. ರಿಮೋಟಿಗೆ ಎರಡು ಕಡ್ಡಿ. ಎಡಗಡೆಯದು ಮೋಟಾರಿನ ವೇಗಕ್ಕೆ ಮತ್ತು ಎಡಕ್ಕೆ ಬಲಕ್ಕೆ ತಿರುಗಿಸಲು, ಬಲಗಡೆಯದು ಮೂಗು ಏರಿಸಿ ಇಳಿಸಲು. ಎಡಗೈ ಅವನದು ಗಟ್ಟಿ ಇತ್ತು. ಬಲಗಡೆಯ ಕಡ್ಡಿ ನನಗೆ. ಅವನು ಕುರ್ಚಿಯಲ್ಲಿ ರಿಮೋಟನ್ನು ಕೊರಳಿಗೆ ಹಾಕಿಕೊಂಡು ಕೂರಬೇಕು, ನಾನು ಅವನ ಕೈ ಏಳದ ಕಡೆ ನೆಲಕ್ಕೆ ಮೊಣಕಾಲೂರಿ ಕೂತು ಕಡ್ಡಿ ಹಿಡಿಯಬೇಕು. ಒಂದು ತಿಂಗಳು ಮನೆಯೊಳಗೇ ತಾಲೀಮು ನಡೆಯಿತು. ನಾನು ಕಡ್ಡಿ ಜೋರಾಗಿ ಜಗ್ಗಿದರೆ ಭುಜದಿಂದ ನನ್ನ ಭುಜ ತಳ್ಳುತ್ತಿದ್ದ. ಆ ತಿಂಗಳು ಅವನು ಎರಡು ಹೊತ್ತು ಸರಿಯಾಗಿ ಉಂಡ, ತಾನೇ ಕೇಳಿ ಗಡ್ಡ ಮಾಡಿಸಿಕೊಂಡ. ವೈನಿ ನನ್ನ ಕೈ ಹಿಡಿದು, "ಇಂವಾ ಮತ್ತ ಮನಿಶ್ಯಾ ಆಗ್ಯಾನ ನೋಡ" ಎಂದರು.

ನರೋಣಾ ರಸ್ತೆಯಲ್ಲಿ ಕಡಲೆ ಕಿತ್ತು ಬರಿದಾದ ಒಂದು ಹೊಲ ಸಿಕ್ಕಿತು. ವೈನಿ ಸೀರೆ ಮೇಲೆ ಸಿಕ್ಕಿಸಿಕೊಂಡು ವಿಮಾನ ಎಸೆಯಲು ನಿಂತರು. ಅಣ್ಣ ಮೋಟಾರು ಏರಿಸಿದ. ವೈನಿ ನಾಲ್ಕು ಹೆಜ್ಜೆ ಓಡಿ ಕೈಬಿಟ್ಟರು. ವಿಮಾನ ಮುಂದೆ ಹೋಗಲಿಲ್ಲ. ಜಾಲಿ ಗಿಡದ ಎಲೆಗೆ ಹಿಂಗಾಲ ಮೇಲೆ ನಿಲ್ಲುವ ಮೇಕೆಯಂತೆ ಮೂಗು ನೆಟ್ಟಗೆ ಮೇಲೆತ್ತಿ ನಿಂತುಬಿಟ್ಟಿತು. ನಾನು ಕಡ್ಡಿಯನ್ನು ಪೂರ್ತಿ ಮುಂದಕ್ಕೆ ಒತ್ತಿದೆ. ಮೂಗು ಇಳಿಯಲಿಲ್ಲ. ಒಂದು ಕ್ಷಣ ಗಾಳಿಯಲ್ಲಿ ತೂಗಿ, ಹಿಂದಕ್ಕೆ ಜಾರಿ, ಎಡಕ್ಕೆ ವಾಲಿ ಬಿತ್ತು. ಎಡ ರೆಕ್ಕೆ ಎರಡು ತುಂಡಾಯಿತು. ವಿಭೂತಿ ಹಚ್ಚಿಸಿಕೊಂಡ ಬಾಲಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಅಣ್ಣ ವಿಮಾನದ ಕಡೆ ನೋಡಲೇ ಇಲ್ಲ. ತನ್ನ ಎಡಗೈ ನೋಡಿಕೊಂಡ. ಅಂಗೈ, ಆಮೇಲೆ ಮುಂಗೈ. ಮೋಟಾರು ಅವನ ಕೈಯಲ್ಲಿತ್ತಲ್ಲ, ತಾನೇ ಜಾಸ್ತಿ ಏರಿಸಿದೆ, ಅದಕ್ಕೇ ಮೂಗು ಎದ್ದಿತು ಎಂದು ಅವನು ತಿಳಿದ. ಉಳಿದಿದ್ದ ಒಂದು ಕೈಯೂ ಮೋಸ ಮಾಡಿತು ಎಂದು ತಿಳಿದ. ಕೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟು "ಬ್ಯಾಡ" ಎಂದ. ಮನೆಗೆ ಬಂದ ಮೇಲೆ ರಿಮೋಟನ್ನು ಟ್ರಂಕಿನಲ್ಲಿ ಇಡಲು ವೈನಿಗೆ ಸನ್ನೆ ಮಾಡಿದ. ಗೋಡೆಯ ಮೊಳೆ ಖಾಲಿಯಾಗಿತ್ತು, ಅವನು ಆ ಕಡೆ ಬೆನ್ನು ಮಾಡಿ ಮಲಗಿದ.

ನನಗೆ ಗೊತ್ತಿತ್ತು. ಅದು ಅವನ ಕೈಯ ತಪ್ಪಲ್ಲ, ಬಾಲದ ಭಾರ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎಂಟು ದಿನ ಹೇಳಲಿಲ್ಲ. ಎಂಟು ದಿನ ಅವನು ಅರ್ಧ ರೊಟ್ಟಿ ಉಂಡ. ನಾನು ಕೆಲಸದ ಹೆಣ್ಣುಮಕ್ಕಳ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ, ಹಿಟ್ಟು ಸರಿಯಿಲ್ಲ, ಒಲೆ ಸರಿಯಿಲ್ಲ ಎಂದೆ. "ಬಾಲ ಒಂದ ಗಟ್ಟಿ ಉಳದದ ನೋಡ" ಎಂದು ವೈನಿ ಸಹಜವಾಗಿ ಅಂದಾಗ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ಬಾಲಕ್ಕ ಏನಾಗ್ಯದ? ಬಾಲದ ಸುದ್ದಿ ಯಾಕ ತೆಗಿತೀರಿ?" ಎಂದು ಕಿರುಚಿದೆ. ಅವರು ಪಾಪ, ನನ್ನ ಮುಖವನ್ನೇ ನೋಡಿದರು.

ಒಂಬತ್ತನೇ ದಿನ ರೊಟ್ಟಿ ತೂಗಿ ಕಟ್ಟುವಾಗ ತಕ್ಕಡಿಯ ಮುಂದೆಯೇ ಕೂತಿದ್ದೆ. ಎದ್ದು ಹೋಗಿ ಬಾಲ ಬಿಚ್ಚಿ ತಂದೆ. ಅಂಚಿನಲ್ಲಿ ಬಟ್ಟೆ ಕೊಯ್ದು ಬಗ್ಗಿ ನೋಡಿದರೆ, ಕಟ್ಟಿಗೆಯ ಮೇಲೆ ಅಣ್ಣನ ಬಲಗೈ ಅಕ್ಷರ. ಈಗ ಅವನು ಬರೆಯಲಾರದ ಅಕ್ಷರ. ಹದಿನೆಂಟು ಗ್ರಾಂ ಎಂದಿತ್ತು. ತಕ್ಕಡಿಯಲ್ಲಿಟ್ಟೆ. ನಲವತ್ತೇಳು ತೋರಿಸಿತು. ಬಾಲವನ್ನೂ ತಕ್ಕಡಿಯನ್ನೂ ಎತ್ತಿಕೊಂಡು ಹೋಗಿ ಅವನ ಮಂಚದ ಮೇಲಿಟ್ಟೆ.

"ಅಣ್ಣಾ, ಕೇಳಿಲ್ಲಿ. ನಿನ್ನ ಕೈ ಚೊಲೋ ಅದ. ನನ್ನ ಕೈನ ಭಾರ ಆಗ್ಯದ. ಪೌಡರ್ ಮುಗದಿತ್ತು, ನಾ ವಿಭೂತಿ ಕುಟ್ಟಿ ಹಾಕೀನಿ."

"ಏನ್ ಹಾಕ್ದಿ?" ಎಂದರು ಬಾಗಿಲಲ್ಲಿದ್ದ ವೈನಿ.

"ವಿಭೂತಿರಿ. ಎರಡ ಗಟ್ಟಿ. ಬಾಲ ಇಳಿದಿದ್ದೂ ನೋಡೀನಿ. ನೋಡಿ ಸರಿ ಅದ ಅಂತ ಸುಳ್ಳ ಹೇಳೀನಿ."

ಅಣ್ಣ ತಕ್ಕಡಿಯ ಅಂಕಿ ನೋಡಿದ. ಬಾಲವನ್ನು ಎಡಗೈಯಲ್ಲಿ ತೆಗೆದುಕೊಂಡು ನಾನು ಕೊಯ್ದ ಅಂಚನ್ನು ಉಗುರಿನಿಂದ ಕೆರೆದ. ಕೆಂಪು ಬಣ್ಣದ ಪದರು ಎದ್ದು ಬಂತು. ಅದರ ಕೆಳಗಿಂದ ಬಿಳಿ ಪುಡಿ ಹಾಸಿಗೆಯ ಮೇಲೆ ಉದುರಿತು. ಅದನ್ನು ಬಹಳ ಹೊತ್ತು ನೋಡುತ್ತ ಕೂತ. ಬೈದರೆ ಬೈಯಲಿ, ಎಸೆದರೆ ಎಸೆಯಲಿ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವನು ಮೂರು ಬೆರಳು ಜೋಡಿಸಿ ಆ ಪುಡಿಯಲ್ಲಿ ಅದ್ದಿ, ತನ್ನ ಹಣೆಗೆ ಮೂರು ಗೆರೆ ಎಳೆದುಕೊಂಡ. ಆಮೇಲೆ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ಅವನು ನಗುತ್ತಿದ್ದ. ಲಕ್ವಾ ಹೊಡೆದ ಮೇಲೆ ಮೊದಲ ಸಲ, ಅರ್ಧ ಬಾಯಿಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಹುಚ್ಚಿ" ಎಂದ.

ಅತ್ತದ್ದು ನಾನು. ಬಾಗಿಲಿಗೆ ಕೀಲಿ ಕೊಟ್ಟ ದಿನ ಆಡದ ಮಾತನ್ನೆಲ್ಲ ಅವತ್ತು ಆಡಿದೆ. ನೀನು ಇರದಿದ್ದರೆ ನಾನು ಎಲ್ಲಿರುತ್ತಿದ್ದೆ ಎಂದು ಕೇಳಿದೆ. ಅವನು ಎಡಗೈ ಎತ್ತಿ ನನ್ನ ಹಣೆ ಮುಟ್ಟಿ ನೋಡಿದ.

ಮರುದಿನವೇ ಬಾಲವನ್ನೂ ಮುರಿದ ರೆಕ್ಕೆಯನ್ನೂ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅಫಜಲಪುರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಗಾಣಗಾಪುರಕ್ಕೆ ಹೊರಟ ಹೆಂಗಸೊಬ್ಬಳು. "ಏನ್ರಿ ಅದು, ತೊಟ್ಟಲೇನ್ರಿ?" ಎಂದು ಕೇಳಿದಳು. ವಿಮಾನದ ಬಾಲ ಎಂದೆ. ಅವಳು ಸ್ವಲ್ಪ ಸರಿದು ಕೂತಳು.

ಪೇಂಟರ್ ಭಾಯಿಯದು ಅಲ್ಲಿ ಒಂದು ಶೆಡ್ಡು. ಟ್ರ್ಯಾಕ್ಟರು, ಕಬ್ಬಿಣದ ಅಲಮಾರಿ, ಬೈಕಿನ ಟಾಕಿ ಎಲ್ಲಕ್ಕೂ ಗಾಳಿಯ ಗನ್ನಿನಿಂದ ಬಣ್ಣ ಹೊಡೆಯುತ್ತಾರೆ. ಅರವತ್ತು ದಾಟಿದವರು. ಅಣ್ಣ ಮಾತಾಡಲಾರ ಎಂದು ಗೊತ್ತಿದ್ದೂ ವಾರಕ್ಕೊಮ್ಮೆ ಫೋನು ಮಾಡಿ ತಾವೊಬ್ಬರೇ ಹತ್ತು ನಿಮಿಷ ಮಾತಾಡಿ ಇಡುತ್ತಾರೆ. ಬಾಲವನ್ನು ಅಂಗೈ ಮೇಲೆ ಕುಣಿಸಿ ನೋಡಿದರು.

"ಯಾ ಅಲ್ಲಾ! ಇದು ಬಾಲ ಏನು, ಬಾಗ್ಲಾ? ತಂಗಿ, ಇದರಾಗ ಏನ್ ತುಂಬೀದಿ?"

ಹೇಳಿದೆ. ಅವರು ನಗಲಿಲ್ಲ. "ನಿಯತ್ ಚೊಲೋ ಅದ. ಆದ್ರ ಬಾಲಕ್ಕ ಒಂದ್ ಗ್ರಾಂ ಇಟ್ರ ಮೂಗಿಗೆ ಮೂರ್ ನಾಕ್ ಗ್ರಾಂ ಇಡಬೇಕಾಗ್ತದ. ಬಾಲ ದೂರ ಇರ್ತದಲ್ಲ, ಅದಕ್ಕ ಜೋರ ಜಾಸ್ತಿ" ಎಂದರು. ನಾನು ಹಚ್ಚಿದ ಬಟ್ಟೆಯನ್ನೆಲ್ಲ ಸುಲಿದು ತೆಗೆಯಬೇಕಾಯಿತು. ನಮ್ಮ ಟ್ರಂಕಿನ ರೇಷ್ಮೆ ಮುಗಿದಿತ್ತು. ಅವರು ಮನೆಯೊಳಗೆ ಹೋಗಿ ಹೆಂಡತಿಯ ಹಳೆಯ ರೇಷ್ಮೆ ಓಢಣಿ ತಂದರು. ಊದಿದರೆ ಹಾರುವಂಥದ್ದು. ಭಾಭಿ ಚಹಾ ತಂದಿಟ್ಟು, "ನನ್ನ ಲಗ್ನದ್ದು. ಟ್ರಂಕ್‌ನ್ಯಾಗ ಇದ್ದು ಏನ್ ಮಾಡ್ತದ, ಹಾರ್ಲಿ ಬಿಡ್ರಿ" ಎಂದರು.

ಮುರಿದ ಕಟ್ಟಿಗೆ ಜೋಡಿಸಿ, ಓಢಣಿ ಅಂಟಿಸಿ, ಒಂದು ಪಾಲು ಡೋಪಿಗೆ ಒಂದು ಪಾಲು ಥಿನ್ನರು ಬೆರೆಸಿ ಬ್ರಷ್ಷು ನನ್ನ ಕೈಗೇ ಕೊಟ್ಟರು. ಮೊದಲು ಹಳೆಯ ಚೌಕಟ್ಟಿನ ಮೇಲೆ ಕಲಿ ಎಂದರು. ನಾನು ಸವರಿದೆ. ಒಂದು ಕಡೆ ಕಡಿಮೆ ಕಂಡಿತು, ತಿರುಗಿ ಸವರಿದೆ. "ತಿರುಗಿ ಹೋಗಬ್ಯಾಡ!" ಎಂದರು. ಇನ್ನೊಂದು. ಮತ್ತೆ ತಿರುಗಿ ಹೋದೆ. "ಅರೇ, ಹೋಗಬ್ಯಾಡಂದ್ರ!" ನನಗೂ ಸಿಟ್ಟು ನೆತ್ತಿಗೇರಿತು. ಬ್ರಷ್ಷು ಇಟ್ಟುಬಿಟ್ಟೆ. ನನ್ನ ಕೈಗೆ ಇದು ಬರುವುದಿಲ್ಲ, ನಾನು ರೊಟ್ಟಿ ಬಡಿಯುವವಳು ಎಂದೆ.

ಅವರು ಕೇಳಿದರು, "ಹಂಚಿನ ಮ್ಯಾಲ ರೊಟ್ಟಿ ಹಾಕಿದ ಮ್ಯಾಲ ಏನ್ ಮಾಡ್ತಿ?"

"ನೀರ್ ಸವರ್ತೇನ್ರಿ. ಅರಿವಿಲೆ."

"ಹ್ಯಾಂಗ ಸವರ್ತಿ?"

"ಅರಿವಿ ಎದ್ದಿ, ಹಿಂಡಿ, ಒಂದ ಸಲ ಎಳಿತೇನ್ರಿ. ತಿರುಗಿ ಎಳದ್ರ ಹಸಿ ಆಗಿ ಹರೀತದ, ಬಿಟ್ರ ಸೀಳ್ತದ…"

ಭಾಯಿ ಬ್ರಷ್ಷು ತೆಗೆದು ಮತ್ತೆ ನನ್ನ ಕೈಯಲ್ಲಿಟ್ಟರು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒತ್ತಿ ಹಿಂಡಿ, ರೊಟ್ಟಿಗೆ ನೀರೆಳೆಯುವ ಹಾಗೆ ಈ ಅಂಚಿನಿಂದ ಆ ಅಂಚಿಗೆ ಒಂದೇ ಸಲ ಎಳೆದೆ. ಕಡಿಮೆಯಾಯಿತು ಎಂದು ಕಣ್ಣು ಹೇಳಿದರೂ ಕೈ ತಿರುಗಿ ಹೋಗಲಿಲ್ಲ. ಹಂಚಿನ ಮುಂದೆ ದಿನಕ್ಕೆ ನೂರಾರು ಸಲ ಮಾಡುವ ಕೆಲಸ ಇದೇ. ನನಗೆ ಬರುವುದಿಲ್ಲ ಎಂದು ನಾನು ಬ್ರಷ್ಷು ಇಟ್ಟದ್ದು ನನಗೆ ಅತಿ ಚೆನ್ನಾಗಿ ಬರುವ ಕೆಲಸಕ್ಕೇ. ಅಣ್ಣನ ಆ "ಹೂಂ" ನೆನಪಾಯಿತು. ರೊಟ್ಟಿ ಬಡಿಯುವವಳು ಎಂದೇ ಅವನು ನನ್ನನ್ನು ಆರಿಸಿದ್ದ.

ನಾಲ್ಕು ಸಲ ಬಸ್ಸಿನಲ್ಲಿ ಹೋಗಿ ಬಂದೆ. ಸವರುವುದು, ಆರಲು ಬಿಡುವುದು, ನುಣುಪು ಕಾಗದದಿಂದ ಉಜ್ಜುವುದು, ಉಜ್ಜಿದ ಪುಡಿಯನ್ನು ಊದಿಬಿಡುವುದು. ಈ ಸಲ ಪೌಡರು ಮಾತ್ರ, ಅದೂ ಚಿಟಿಕೆ. ಕೊನೆಗೆ ಭಾಯಿ ಗನ್ನಿನಿಂದ ಕುಸುಬಿ ಹೂವಿನ ಕೇಸರಿ ಬಣ್ಣವನ್ನು ಒಂದೇ ಒಂದು ಸಲ ಹಾಯಿಸಿದರು, ಚಳಿಗಾಲದ ಮಂಜು ಬಿದ್ದಷ್ಟು. "ಇಷ್ಟೇನ್ರೀ ಭಾಯಿ?" ಎಂದೆ, ನನ್ನ ಹಳೆಯ ಬುದ್ಧಿ ಎಲ್ಲಿ ಹೋಗಬೇಕು. ಅವರು ರೆಕ್ಕೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. ಬೆಳಕು ಬಟ್ಟೆಯೊಳಗಿಂದ ಹಾಯ್ದು ಬಂತು, ಒಳಗಿನ ಎಲುಬೆಲ್ಲ ಕಂಡವು. "ಬಿಸ್ಲು ಕಾಣ್ಸಾಕತ್ತದಲ್ಲ? ಸಾಕು" ಎಂದರು.

ಮನೆಗೆ ತಂದು ತೂಗಿದೆ. ಬಾಲ ಇಪ್ಪತ್ತಾರು. ಅಣ್ಣನ ಮುಂದೆ, ಈ ಸಲ ಅವನಿಗೆ ಮುಖ ಮಾಡಿ, ಎರಡು ಬೆರಳ ಮೇಲೆ ವಿಮಾನ ಎತ್ತಿದೆ. ಸಮನಾಗಿ ನಿಂತಿತು. ಅಣ್ಣ ಬ್ರಷ್ಷಿಗೆ ಕೈ ಚಾಚಿದ. ಬಿಳಿ ಬಣ್ಣ ಬೇಕೆಂದು ತೋರಿಸಿದ. ಬಾಲವನ್ನು ಬಿಚ್ಚಿ ನಾನು ಹಿಡಿದುಕೊಂಡೆ, ಅವನು ಎಡಗೈಯಲ್ಲಿ, ಉಸಿರು ಬಿಗಿಹಿಡಿದು, ಅದರ ಮೇಲೆ ಮೂರು ಗೆರೆ ಎಳೆದ. ಮೂರೂ ಸೊಟ್ಟ. ಬಣ್ಣ ಮಾತ್ರ ತೆಳ್ಳಗೆ. ಮತ್ತೆ ತೂಗು ಎಂದು ಸನ್ನೆ ಮಾಡಿದ. ತೂಗಿದೆ. ಇಪ್ಪತ್ತಾರೇ ಇತ್ತು.

ಅದೇ ಹೊಲ, ಅದೇ ಕುರ್ಚಿ. ಭಾಯಿ ಬೆಳಗಿನ ಬಸ್ಸಿಗೇ ಬಂದಿದ್ದರು. ರಿಮೋಟನ್ನು ಕೊರಳಿಗೆ ಹಾಕಲು ಹೋದಾಗ ಅಣ್ಣ "ಬ್ಯಾಡ" ಎನ್ನಬಹುದು ಎಂದು ನನಗೆ ಭಯವಿತ್ತು. ಅನ್ನಲಿಲ್ಲ, ತಾನೇ ಕೊರಳು ಬಾಗಿಸಿದ. ವೈನಿ ಓಡಿ ಕೈಬಿಟ್ಟರು. ವಿಮಾನ ಚೂರು ಇಳಿಯಿತು. ನಾನು ಕಡ್ಡಿಯನ್ನು ಒಂದೇ ಸಲ, ನೀರಿನ ಅರಿವೆ ಎಳೆದಷ್ಟು, ಹಿಂದಕ್ಕೆ ಎಳೆದೆ. ಮೂಗು ಎತ್ತಿತು, ಹೊಲದ ಅಂಚಿನ ಬೇವಿನ ಗಿಡ ದಾಟಿತು. ಅಣ್ಣ ಬಲಕ್ಕೆ ತಿರುಗಿಸಿದ. ತಿರುಗಿತು. ಅವನು ಹೇಳಿದ್ದನ್ನು ಎರಡು ವರ್ಷದಿಂದ ಯಾವುದೂ ಅಷ್ಟು ಬೇಗ ಕೇಳಿರಲಿಲ್ಲ. ನಮ್ಮ ನೆತ್ತಿಯ ಮೇಲೆ ಬಂದಾಗ ಬಿಸಿಲು ರೆಕ್ಕೆ, ಬಾಲದೊಳಗಿಂದ ಹಾಯ್ದು, ಭಾಭಿಯ ಓಢಣಿಯೂ ಅಣ್ಣನ ಸೊಟ್ಟ ಗೆರೆಗಳೂ ಕೆಳಗಿನಿಂದಲೇ ಕಂಡವು. ಭಾಯಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಅವನ ಭುಜ ಒಂದು ಸಲವೂ ನನ್ನ ಭುಜವನ್ನು ತಳ್ಳಲಿಲ್ಲ.

ಮೂರು ಸುತ್ತಿನ ಮೇಲೆ ಅವನು ಮೋಟಾರು ಇಳಿಸಿದ. ವಿಮಾನ ತೇಲುತ್ತ ಬಂದು ಕರಿ ಮಣ್ಣಿನ ಮೇಲೆ ಎರಡು ಸಲ ಪುಟಿದು ನಿಂತಿತು. ಅಣ್ಣ ತನ್ನ ಎಡಗೈ ಎತ್ತಿ ನೋಡಿಕೊಂಡ. ಅಂಗೈ, ಆಮೇಲೆ ಮುಂಗೈ. ಅವನು ಆ ಕೈಯನ್ನು ತಿರುಗಿ ಕಡ್ಡಿಯ ಮೇಲಿಟ್ಟ.

"ಮತ್ತ" ಎಂದ.

ವೈನಿ ಆಗಲೇ ಸೀರೆ ಸಿಕ್ಕಿಸಿಕೊಂಡು ವಿಮಾನದ ಕಡೆ ಓಡುತ್ತಿದ್ದರು.